ತಾಲ್ಲೂಕು ಕಚೇರಿಯ ಕಡತ: ಹುಡುಕುವ ಕ್ರಮ, ಕೇಳುವ ಹಕ್ಕು

ಕರ್ನಾಟಕದ ಹಳ್ಳಿಗಳಲ್ಲಿ ಸರ್ಕಾರಿ ದಾಖಲೆಯ ಹಂಗಿಲ್ಲದೆ ನಡೆಯುವ ವ್ಯವಹಾರ ಬಹಳ ಕಡಿಮೆ. ಬೆಳೆ ಸಾಲಕ್ಕೆ ಪಹಣಿ ಬೇಕು, ಮನೆಯ ಯಜಮಾನ ತೀರಿಕೊಂಡಾಗ ಪೌತಿ ಖಾತೆಗೆ ಮರಣ ಪ್ರಮಾಣಪತ್ರವೂ ವಂಶವೃಕ್ಷವೂ ಬೇಕು, ಅಣ್ಣತಮ್ಮಂದಿರು ಪಾಲಾಗುವಾಗ ಅಳತೆಯ ನಕ್ಷೆ ಬೇಕು, ಮೂರು ತಲೆಮಾರಿನಿಂದ ಉಳುತ್ತಿರುವ ನೆಲದ ಮೇಲೆ ತಕರಾರು ಎದ್ದರೆ ಅರ್ಧ ಶತಮಾನದ ಹಿಂದಿನ ಮಂಜೂರಾತಿ ಆದೇಶವೇ ಬೇಕು. ಇವೆಲ್ಲವೂ ಸಾರ್ವಜನಿಕ ಕಚೇರಿಗಳಲ್ಲಿ ಇರಬೇಕಾದ ದಾಖಲೆಗಳೇ ಆಗಿದ್ದು, ಅವುಗಳನ್ನು ನೋಡುವ ಮತ್ತು ನಕಲು ಪಡೆಯುವ ಹಕ್ಕನ್ನು ಕಾನೂನು ಹಲವು ದಶಕಗಳಿಂದ ಮಾನ್ಯ ಮಾಡಿದೆ. ಆದರೂ ಅನೇಕ ಅರ್ಜಿಗಳು ಬರಿಗೈಯಲ್ಲಿ ಹಿಂದಿರುಗುವುದಕ್ಕೆ ಹಕ್ಕಿನ ಕೊರತೆಗಿಂತ ಮಿಗಿಲಾದ ಕಾರಣವೊಂದಿದೆ: ಬೇಕಾದ ಕಾಗದ ಯಾವ ಕಚೇರಿಯಲ್ಲಿ, ಯಾವ ವಹಿಯಲ್ಲಿ, ಯಾವ ಸಂಖ್ಯೆಯಡಿ ದಾಖಲಾಗಿದೆ ಎಂಬುದನ್ನು ತಿಳಿಯುವ ಸಾಧನ ಅರ್ಜಿದಾರರ ಕೈಯಲ್ಲಿ ಇರುವುದಿಲ್ಲ. ಆದ್ದರಿಂದ ದಾಖಲೆ ಕೇಳುವ ವಿದ್ಯೆ ಎಂಬುದು ಮೊದಲಿಗೆ ದಾಖಲೆ ಹುಡುಕುವ ವಿದ್ಯೆಯಾಗಿದೆ. ಆ ವಿದ್ಯೆ ಕಚೇರಿಯ ಕಂಬ ಸುತ್ತುವ ಕೆಲವರ ಗುಟ್ಟಾಗಿ ಉಳಿಯದೆ ಎಲ್ಲರಿಗೂ ತಿಳಿಯುವಂತೆ ಮಾಡುವುದು ಸರ್ಕಾರದ ಕರ್ತವ್ಯವಾಗಿದೆ.

ಒಂದು ಜಮೀನು, ನಾಲ್ಕು ಕಚೇರಿ

ಹಳ್ಳಿಯ ಒಂದೇ ಜಮೀನಿನ ಕಾಗದಗಳು ನಾಲ್ಕು ಬೇರೆ ಬೇರೆ ಕಚೇರಿಗಳಲ್ಲಿ ಹಂಚಿಹೋಗಿರುತ್ತವೆ, ಮತ್ತು ಒಂದೊಂದು ಕಚೇರಿಯೂ ಆ ಜಮೀನಿನ ಬಗ್ಗೆ ಬೇರೆಯೇ ಪ್ರಶ್ನೆಗೆ ಉತ್ತರಿಸುತ್ತದೆ. ಭೂಮಿ ಯಾರ ಹೆಸರಿನಲ್ಲಿದೆ, ಯಾರು ಸಾಗುವಳಿ ಮಾಡುತ್ತಿದ್ದಾರೆ ಎಂಬುದನ್ನು ಹೇಳುವುದು ತಹಶೀಲ್ದಾರರ ಅಧೀನದಲ್ಲಿರುವ ಕಂದಾಯ ಇಲಾಖೆಯ ತಾಲ್ಲೂಕು ಕಚೇರಿ. ಇಲ್ಲಿ ಪಹಣಿ, ಹಕ್ಕು ಬದಲಾವಣೆಯ ವಹಿ, ಮಂಜೂರಾತಿ ಕಡತಗಳು ಇರುತ್ತವೆ, ಮತ್ತು ಇವುಗಳ ಹಳೆಯ ಸಂಪುಟಗಳನ್ನು ಕಾಪಿಡುವ ಕೋಣೆಯೇ ಅಭಿಲೇಖಾಲಯ, ಅಂದರೆ ಜನರ ಬಾಯಲ್ಲಿ ರೆಕಾರ್ಡ್ ರೂಮ್. ಭೂಮಿ ಎಲ್ಲಿದೆ, ಎಷ್ಟಿದೆ ಎಂಬುದನ್ನು ಹೇಳುವುದು ಭೂಮಾಪನ ಇಲಾಖೆ. ಮೂಲ ಅಳತೆಯನ್ನು ಕ್ಷೇತ್ರದಲ್ಲೇ ಬರೆದಿಟ್ಟ ಟಿಪ್ಪಣಿ, ಪ್ರತಿ ಸರ್ವೆ ನಂಬರಿನ ವಿಸ್ತೀರ್ಣ ಮತ್ತು ಕಂದಾಯವನ್ನು ಪಟ್ಟಿ ಮಾಡಿದ ಆಕಾರ್‌ಬಂದ್, ಊರಿನ ಇಡೀ ಎಲ್ಲೆಯನ್ನು ತೋರಿಸುವ ಗ್ರಾಮನಕ್ಷೆ ಅದರ ವಶದಲ್ಲಿವೆ.

ಭೂಮಿ ಯಾವ ಕರಾರಿನ ಮೂಲಕ ಕೈಬದಲಾಯಿತು ಎಂಬುದಕ್ಕೆ ಉಪನೋಂದಣಾಧಿಕಾರಿಯ ಕಚೇರಿ ಉತ್ತರಿಸುತ್ತದೆ. 1908ರ ನೋಂದಣಿ ಕಾಯ್ದೆಯಡಿ ಕ್ರಯ, ದಾನ, ಅಡಮಾನ, ವಿಭಾಗ ಪತ್ರಗಳು ಒಂದನೆಯ ಪುಸ್ತಕದಲ್ಲಿ ದಾಖಲಾಗುತ್ತವೆ. ಈ ಪುಸ್ತಕವನ್ನೂ ಅದರ ಸೂಚಿಯನ್ನೂ ಶುಲ್ಕ ಕೊಟ್ಟ ಯಾರಾದರೂ ಪರಿಶೀಲಿಸಬಹುದು ಎಂದು ಆ ಕಾಯ್ದೆಯ 57ನೇ ಕಲಂ ಹೇಳುತ್ತದೆ. ಉಯಿಲುಗಳು ಸೇರುವ ಮೂರನೆಯ ಪುಸ್ತಕದ ನಕಲು ಮಾತ್ರ ಬರೆದುಕೊಟ್ಟವರು ಬದುಕಿರುವ ತನಕ ಅವರಿಗೆ ಅಥವಾ ಅವರ ಪ್ರತಿನಿಧಿಗಳಿಗೆ ಸೀಮಿತ, ಅವರ ಮರಣಾನಂತರ ಅರ್ಜಿ ಸಲ್ಲಿಸಿದ ಯಾರಿಗಾದರೂ ಸಿಗುತ್ತದೆ. ನಿರ್ದಿಷ್ಟ ಅವಧಿಯಲ್ಲಿ ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿಯೇ ಋಣಭಾರ ಪ್ರಮಾಣಪತ್ರ, ಅಂದರೆ ಇಸಿ. ನಮೂನೆ 15 ವ್ಯವಹಾರಗಳನ್ನು ಪಟ್ಟಿ ಮಾಡುತ್ತದೆ, ನಮೂನೆ 16 ಯಾವ ವ್ಯವಹಾರವೂ ನೋಂದಣಿಯಾಗಿಲ್ಲ ಎಂದು ತಿಳಿಸುತ್ತದೆ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಸಿಗುವುದು 2004ರ ಏಪ್ರಿಲ್ ನಂತರದ ವಿವರವಾದ್ದರಿಂದ, ಅದಕ್ಕಿಂತ ಹಳೆಯ ವ್ಯವಹಾರಗಳಿಗೆ ಕಚೇರಿಯ ಕೈಬರಹದ ಸೂಚಿಗಳನ್ನೇ ತೆರೆಸಬೇಕಾಗುತ್ತದೆ. ನಾಲ್ಕನೆಯದು ಗ್ರಾಮ ಪಂಚಾಯಿತಿ. ಗ್ರಾಮಠಾಣದ ಮನೆ ಮತ್ತು ನಿವೇಶನಗಳ ತೆರಿಗೆ ಬೇಡಿಕೆ ವಹಿ, ಇ-ಸ್ವತ್ತಿನ ನಮೂನೆ 9 ಮತ್ತು 11, ಸಭಾ ನಡವಳಿ ಪುಸ್ತಕ, ಕಾಮಗಾರಿಗಳ ಲೆಕ್ಕಪತ್ರಗಳು ಅಲ್ಲಿ ಸಿಗುತ್ತವೆ. ಮನೆಯ ಜಾಗಕ್ಕೆ ತಾಲ್ಲೂಕು ಕಚೇರಿಯಲ್ಲಿ ಪಹಣಿ ಕೇಳುವುದು, ಹೊಲದ ಅಳತೆಗೆ ಪಂಚಾಯಿತಿಗೆ ಅರ್ಜಿ ಕೊಡುವುದು ಹೀಗೆ ಕಚೇರಿ ತಪ್ಪಿದ ಅರ್ಜಿಗಳಿಂದ ತಿಂಗಳುಗಳು ಸುಮ್ಮನೆ ಉರುಳುತ್ತವೆ.

ಪಹಣಿಯಿಂದ ಹಿಂದಕ್ಕೆ ನಡೆಯುವ ಕ್ರಮ

ಹಳೆಯ ದಾಖಲೆಯ ಹುಡುಕಾಟ ಹೊಸ ದಾಖಲೆಯಿಂದಲೇ ಆರಂಭವಾಗಬೇಕು. ಆರ್‌ಟಿಸಿ ಎಂದು ಎಲ್ಲರಿಗೂ ಪರಿಚಿತವಾದ ಪಹಣಿಯಲ್ಲಿ, ಅಂದರೆ ಹಕ್ಕು, ಗೇಣಿ ಮತ್ತು ಬೆಳೆಗಳ ಪತ್ರಿಕೆಯಲ್ಲಿ, 9ನೇ ಕಾಲಂ ಸ್ವಾಧೀನದಾರರ ಹೆಸರನ್ನೂ 11ನೇ ಕಾಲಂ ಸಾಲ, ತಡೆಯಾಜ್ಞೆ ಮುಂತಾದ ಇತರ ಹಕ್ಕು ಮತ್ತು ಋಣಗಳನ್ನೂ 12ನೇ ಕಾಲಂ ಸಾಗುವಳಿ ಮತ್ತು ಬೆಳೆಯನ್ನೂ ತೋರಿಸುತ್ತವೆ. ಹೆಸರಿನ ಮೇಲೇ ಕಣ್ಣಿಟ್ಟ ಓದುಗರು ಬಿಟ್ಟುಬಿಡುವ 10ನೇ ಕಾಲಂ ಹುಡುಕಾಟದ ದೃಷ್ಟಿಯಿಂದ ಅತ್ಯಂತ ಬೆಲೆಯುಳ್ಳದ್ದು, ಏಕೆಂದರೆ ಆ ಹೆಸರು ಯಾವ ಆಧಾರದಿಂದ ಬಂತು ಎಂಬುದನ್ನು ಹೇಳುವ ಎಂಆರ್ ಸಂಖ್ಯೆ ಮತ್ತು ವರ್ಷ ಅಲ್ಲಿರುತ್ತದೆ. ಎಂಆರ್ ಎಂದರೆ ಮ್ಯುಟೇಶನ್ ರಿಜಿಸ್ಟರ್, ಹಕ್ಕು ಬದಲಾವಣೆಯ ವಹಿ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 128 ಮತ್ತು 129ನೇ ಕಲಂಗಳ ಪ್ರಕಾರ ಕ್ರಯ, ಪಾಲು, ದಾನ, ಉತ್ತರಾಧಿಕಾರ ಯಾವುದರಿಂದ ಹಕ್ಕು ಬದಲಾದರೂ ಅದು ಮೊದಲು ಈ ವಹಿಯಲ್ಲಿ ದಾಖಲಾಗಿ, ಸಂಬಂಧಪಟ್ಟವರಿಗೆ ನೋಟಿಸು ಹೋಗಿ, ತಕರಾರು ಬಂದರೆ ವಿವಾದಿತ ಪ್ರಕರಣಗಳ ವಹಿಗೆ ಸೇರಿ, ಪ್ರಮಾಣೀಕರಣವಾದ ನಂತರವೇ ಪಹಣಿಗೆ ಇಳಿಯಬೇಕು.

ಒಂದು ಎಂಆರ್ ನಮೂದು ತನ್ನ ಹಿಂದಿನ ಆಧಾರವನ್ನು ತಾನೇ ಹೇಳುತ್ತದೆ. ಕ್ರಯವಾಗಿದ್ದರೆ ನೋಂದಣಿ ಸಂಖ್ಯೆ ಮತ್ತು ದಿನಾಂಕ, ಪೌತಿಯಾಗಿದ್ದರೆ ಮೃತರ ಹೆಸರು ಮತ್ತು ವಾರಸುದಾರರ ವಿವರ, ಮಂಜೂರಾತಿಯಾಗಿದ್ದರೆ ಆದೇಶದ ಸಂಖ್ಯೆ ಅಲ್ಲಿ ಸಿಗುತ್ತದೆ. ಆ ಸಂಖ್ಯೆಯನ್ನು ಹಿಡಿದು ಮೂಲ ಕಡತಕ್ಕೆ, ಮೂಲ ಕಡತದಿಂದ ಅದಕ್ಕೂ ಹಿಂದಿನ ಎಂಆರ್‌ಗೆ ಒಂದೊಂದೇ ಮೆಟ್ಟಿಲು ಇಳಿಯಬಹುದು. ಪಹಣಿಯ ನಮೂದು ಸುಳ್ಳೆಂದು ಸಾಬೀತಾಗುವ ತನಕ ನಿಜವೆಂದೇ ಭಾವಿಸಬೇಕೆಂದು ಅದೇ ಕಾಯ್ದೆಯ 133ನೇ ಕಲಂ ಹೇಳುತ್ತದೆ, ಆದರೆ ಕಂದಾಯ ವಹಿಯ ನಮೂದೊಂದೇ ಒಡೆತನವನ್ನು ಸೃಷ್ಟಿಸುವುದಿಲ್ಲ ಎಂಬುದು ಸುಪ್ರೀಂ ಕೋರ್ಟು ಮತ್ತೆ ಮತ್ತೆ ಎತ್ತಿಹಿಡಿದ ತತ್ವ. ಹಾಗಾಗಿ ಪಹಣಿಯಲ್ಲಿ ಹೆಸರಿದ್ದವರೂ ಹೆಸರು ತಪ್ಪಿಹೋದವರೂ ಅಷ್ಟೇ ಅಗತ್ಯವಾಗಿ ಈ ಸರಪಣಿಯ ಎಲ್ಲ ಕೊಂಡಿಗಳ ನಕಲನ್ನು ಕೈಯಲ್ಲಿಟ್ಟುಕೊಳ್ಳಬೇಕಾಗುತ್ತದೆ.

ಭೂಮಿ ಯೋಜನೆಯಡಿ ಕರ್ನಾಟಕ 2000ದ ದಶಕದ ಆರಂಭದಲ್ಲೇ ಪಹಣಿಗಳನ್ನು ಗಣಕೀಕರಿಸಿ, ಕೈಬರಹದ ಪಹಣಿಯ ಬಳಕೆಯನ್ನು ನಿಲ್ಲಿಸಿತು. ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ತಂದ ಈ ಯೋಜನೆಯಿಂದ ಅಂದಿನ ಪಹಣಿ ಸುಲಭವಾಗಿ ಕೈಗೆ ಸಿಕ್ಕಿತು. ಆದರೆ ಗಣಕೀಕರಣದ ಹೊತ್ತಿನಲ್ಲಿ ಕೈಬರಹದ ಕೊನೆಯ ವಹಿಯಲ್ಲಿದ್ದುದೇ ಯಂತ್ರಕ್ಕೆ ಇಳಿದದ್ದರಿಂದ, ಅಲ್ಲಿದ್ದ ತಪ್ಪುಗಳು, ಅಕ್ಷರದೋಷಗಳು, ಬಿಟ್ಟುಹೋದ ಪಾಲುದಾರರ ಹೆಸರುಗಳು ಮುದ್ರಿತ ಅಕ್ಷರದ ಗಾಂಭೀರ್ಯವನ್ನು ಪಡೆದುಕೊಂಡವು. ಇಂತಹ ತಪ್ಪನ್ನು ತೋರಿಸಿಕೊಡಬಲ್ಲ ಸಾಕ್ಷಿ ಹಳೆಯ ಕೈಬರಹದ ಪಹಣಿ ಸಂಪುಟವೇ ಆಗಿದ್ದು, ಅದು ಈಗಲೂ ಅಭಿಲೇಖಾಲಯದ ಕಪಾಟಿನಲ್ಲೇ ಇದೆ.

ಊರು ಒಂದೇ, ದಾಖಲೆಯ ಭಾಷೆ ಬೇರೆ

1956ರ ನವೆಂಬರ್ 1ರಂದು ಒಂದಾದ ಪ್ರದೇಶಗಳು ಬೇರೆ ಬೇರೆ ಆಡಳಿತಗಳ ದಾಖಲೆ ಪದ್ಧತಿಗಳನ್ನು ಜತೆಗೆ ಹೊತ್ತು ತಂದವು, ಮತ್ತು ಆ ಭೇದ ಇಂದಿಗೂ ಅಭಿಲೇಖಾಲಯಗಳಲ್ಲಿ ಅಳಿದಿಲ್ಲ. ಮುಂಬೈ ಪ್ರಾಂತದಲ್ಲಿದ್ದ ಧಾರವಾಡ, ಬೆಳಗಾವಿ ಭಾಗದಲ್ಲಿ 19ನೇ ಶತಮಾನದ ಮೊದಲರ್ಧದಲ್ಲೇ ವಿಂಗೇಟ್ ಮತ್ತು ಗೋಲ್ಡ್‌ಸ್ಮಿಡ್ ರೂಪಿಸಿದ ಸರ್ವೆ ಪದ್ಧತಿ ಬಂತು. ಅಲ್ಲಿ ಪಹಣಿಗೆ ಉತಾರ ಎಂಬ ಹೆಸರೇ ಬಳಕೆಯಲ್ಲಿದೆ, ಮತ್ತು ಹಳೆಯ ಕೆಲವು ಕಾಗದಗಳು ಮೋಡಿ ಲಿಪಿಯ ಮರಾಠಿಯಲ್ಲಿವೆ. ಹಳೆ ಮೈಸೂರಿನಲ್ಲಿ ಸರ್ವೆ ಇಲಾಖೆ 1863ರಲ್ಲಿ ಕೆಲಸ ಆರಂಭಿಸಿತು. ಅಲ್ಲಿ ಇಂದಿನ ಪಹಣಿಗಿಂತ ಹಿಂದಿನ ಹಕ್ಕಿಗೆ ಐಎಲ್ (ಇಂಡೆಕ್ಸ್ ಆಫ್ ಲ್ಯಾಂಡ್ಸ್) ಮತ್ತು ಆರ್‌ಆರ್ (ರೆಕಾರ್ಡ್ ಆಫ್ ರೈಟ್ಸ್) ಎಂಬ ವಹಿಗಳನ್ನು ನೋಡಬೇಕು. ನಿಜಾಮರ ಆಳ್ವಿಕೆಯಲ್ಲಿದ್ದ ಕಲಬುರಗಿ, ಬೀದರ್, ರಾಯಚೂರು ಭಾಗದ ಹಳೆಯ ದಾಖಲೆಗಳಲ್ಲಿ ಉರ್ದು ಬರಹ ಸಿಗುತ್ತದೆ. ಮದರಾಸು ಪ್ರಾಂತದಲ್ಲಿದ್ದ ದಕ್ಷಿಣ ಕನ್ನಡದಲ್ಲಿ ಅಡಂಗಲ್, ವರ್ಗ, ಕಾಯಂ ಗೇಣಿಯಾದ ಮೂಲಗೇಣಿ ಎಂಬ ಪದಗಳೂ, ಕೊಡಗಿನಲ್ಲಿ ಜಮ್ಮಾ, ಸಾಗು, ಬಾಣೆ ಎಂಬ ಹಿಡುವಳಿ ಪ್ರಭೇದಗಳೂ ಇವೆ. ಶಾನುಭೋಗ ಮತ್ತು ಪಟೇಲರ ವಂಶಪಾರಂಪರ್ಯ ಹುದ್ದೆಗಳನ್ನು 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ಕೊನೆಗೊಳಿಸಿ, ಗ್ರಾಮ ಲೆಕ್ಕಿಗರ ವ್ಯವಸ್ಥೆಗೆ ಎಡೆಮಾಡಿತು. ಆ ಹುದ್ದೆ ಈಗ ಗ್ರಾಮ ಆಡಳಿತ ಅಧಿಕಾರಿ ಎಂದು ಹೆಸರು ಬದಲಿಸಿಕೊಂಡಿದೆ.

ಆಡಳಿತದ ಎಲ್ಲೆಗಳು ಬದಲಾದಂತೆಲ್ಲ ಕಡತಗಳ ವಿಳಾಸವೂ ಬದಲಾಗುತ್ತದೆ. 1997ರಲ್ಲಿ ಹಾವೇರಿ, ಗದಗ, ಬಾಗಲಕೋಟೆ, ಕೊಪ್ಪಳ, ದಾವಣಗೆರೆ, ಚಾಮರಾಜನಗರ, ಉಡುಪಿ ಹೊಸ ಜಿಲ್ಲೆಗಳಾದವು, ಅನಂತರವೂ ಹೊಸ ಜಿಲ್ಲೆ ಮತ್ತು ತಾಲ್ಲೂಕುಗಳು ರಚನೆಯಾದವು. ಹೀಗಾಗಿ 1970ರ ದಶಕದ ಆದೇಶವೊಂದನ್ನು ಹುಡುಕುವವರು ಇಂದಿನ ತಾಲ್ಲೂಕಿನ ಜತೆಗೆ ಅಂದಿನ ಮೂಲ ತಾಲ್ಲೂಕಿನ ಅಭಿಲೇಖಾಲಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸರ್ವೆ ನಂಬರುಗಳೂ ಸ್ಥಿರವಲ್ಲ. ಒಂದು ನಂಬರು ಪೋಡಿಯಾಗಿ, ಅಂದರೆ ಅಳತೆಯ ಮೂಲಕ ಅಧಿಕೃತವಾಗಿ ವಿಭಜನೆಯಾಗಿ ಹಿಸ್ಸೆಗಳಾದಾಗ ಹೊಸ ಸಂಖ್ಯೆಗಳು ಹುಟ್ಟುತ್ತವೆ. ಗೋಮಾಳದಂತಹ ದೊಡ್ಡ ಸರ್ಕಾರಿ ನಂಬರಿನಲ್ಲಿ ಮಂಜೂರಾದ ತುಂಡುಗಳಿಗೆ ದುರಸ್ತಿಯ, ಅಂದರೆ ಅಳತೆ ಮಾಡಿ ದಾಖಲೆ ಸರಿಪಡಿಸುವ ಕ್ರಮದ ನಂತರ ಬೇರೆಯೇ ಸರ್ವೆ ನಂಬರು ಬರುತ್ತದೆ. ಆದುದರಿಂದ ಅರ್ಜಿಯಲ್ಲಿ ಗ್ರಾಮ, ಹೋಬಳಿ, ತಾಲ್ಲೂಕುಗಳ ಜತೆಗೆ ಹೊಸ ನಂಬರನ್ನೂ ಹಳೆಯ ನಂಬರನ್ನೂ ಬರೆಯುವುದು ಹುಡುಕಾಟದ ಮೊದಲ ನಿಯಮ.

ಬಡವರ ಹಕ್ಕು ನಿಂತಿರುವ ಕಡತಗಳು

ಹಳ್ಳಿಯ ದಾಖಲೆಗಳಲ್ಲಿ ಹೆಚ್ಚು ಕಾಳಜಿ ಬೇಡುವಂಥವು ಸರ್ಕಾರದ ತೀರ್ಮಾನದಿಂದ ಭೂಮಿ ಪಡೆದವರ ಕಡತಗಳು. 1961ರ ಭೂಸುಧಾರಣಾ ಕಾಯ್ದೆಗೆ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಯಾದಾಗ ಗೇಣಿದಾರರು ನಮೂನೆ 7ರಲ್ಲಿ ಘೋಷಣೆ ಸಲ್ಲಿಸಿದರು, ಭೂ ನ್ಯಾಯಮಂಡಳಿಗಳು ವಿಚಾರಣೆ ನಡೆಸಿದವು, ಹಕ್ಕು ಸಿದ್ಧವಾದವರಿಗೆ ನಮೂನೆ 10ರ ಅಧಿಭೋಗದ ಪ್ರಮಾಣಪತ್ರ ದೊರೆಯಿತು. ಉಳುವವನೇ ಒಡೆಯನೆಂಬ ಘೋಷಣೆಯ ನಿಜವಾದ ಇತಿಹಾಸ ಆ ಕಡತಗಳಲ್ಲಿರುವ ಹೇಳಿಕೆ, ಮಹಜರು ಮತ್ತು ಆದೇಶಗಳ ಹಾಳೆಗಳಲ್ಲಿದೆ. ಭೂರಹಿತರಿಗೆ ದರಖಾಸ್ತಿನ ಮೂಲಕ ಸರ್ಕಾರಿ ಜಮೀನು ಮಂಜೂರಾದಾಗ ನೀಡಿದ ಸಾಗುವಳಿ ಚೀಟಿ, ಬಗರ್‌ಹುಕುಂ ಸಾಗುವಳಿಯ ಸಕ್ರಮಕ್ಕಾಗಿ ಸಲ್ಲಿಸಿದ ನಮೂನೆ 50, 53 ಮತ್ತು 57ರ ಅರ್ಜಿಗಳು ಇದೇ ಸಾಲಿಗೆ ಸೇರುತ್ತವೆ. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರಿಗೆ ಮಂಜೂರಾದ ಜಮೀನಿನ ಪರಭಾರೆಯನ್ನು ನಿಷೇಧಿಸುವ, ಪಿಟಿಸಿಎಲ್ ಎಂದು ಹೆಸರಾದ 1978ರ ಕಾಯ್ದೆಯಡಿ ಜಮೀನು ಮರಳಿ ಪಡೆಯಬೇಕಾದರೆ, ಅದು ಮಂಜೂರಾದ ಜಮೀನೆಂಬುದನ್ನೂ ಮಂಜೂರಾತಿಯ ಷರತ್ತುಗಳೇನು ಎಂಬುದನ್ನೂ ಮೂಲ ಆದೇಶದಿಂದಲೇ ತೋರಿಸಬೇಕಾಗುತ್ತದೆ.

ಮನೆಯಲ್ಲಿದ್ದ ಚೀಟಿ ಮಳೆಗೋ ಗೆದ್ದಲಿಗೋ ಹೋಗಿ, ಕಚೇರಿಯ ಕಡತವೂ ಕಾಣೆಯಾದರೆ ದುರಸ್ತಿ ನಿಲ್ಲುತ್ತದೆ, ಸಾಲ ನಿಲ್ಲುತ್ತದೆ, ಮುಂದಿನ ತಲೆಮಾರಿನ ಪಾಲು ನಿಲ್ಲುತ್ತದೆ. ಉಳ್ಳವರ ಬಳಿ ನೋಂದಾಯಿತ ಪತ್ರಗಳ ಸಾಲೇ ಇರುವುದರಿಂದ ಒಂದು ಕಾಗದ ತಪ್ಪಿದರೆ ಇನ್ನೊಂದು ಕೈಹಿಡಿಯುತ್ತದೆ. ಎರಡು ಎಕರೆಯ ಮಂಜೂರಾತಿದಾರರಿಗೆ ಆ ಒಂದೇ ಆದೇಶವೇ ಆಧಾರ. ಇಂತಹವರು ಮೂಲ ಕಡತ ಸಿಗದ ಕಡೆ ಉಪದಾಖಲೆಗಳನ್ನು ಹುಡುಕಬಹುದು. ದರಖಾಸ್ತು ವಹಿ, ಸಾಗುವಳಿ ಚೀಟಿ ವಿತರಣೆಯ ವಹಿ, ಮಂಜೂರಾತಿಯ ನಂತರದ ಎಂಆರ್ ನಮೂದು, ಆ ವರ್ಷಗಳ ಕೈಬರಹದ ಪಹಣಿ, ಉಪವಿಭಾಗಾಧಿಕಾರಿಯ ಕಚೇರಿಯಲ್ಲಿ ಮೇಲ್ಮನವಿ ನಡೆದಿದ್ದರೆ ಅಲ್ಲಿಗೆ ಹೋದ ಪ್ರತಿಗಳು ಒಟ್ಟಾಗಿ ಒಂದು ಬಲವಾದ ಸಾಕ್ಷ್ಯವಾಗಬಲ್ಲವು.

ಕೇಳುವ ಎರಡು ದಾರಿಗಳು

ದಾಖಲೆಯ ಗುರುತು ಸಿಕ್ಕ ಮೇಲೆ ಅದನ್ನು ಕೇಳಲು ಎರಡು ದಾರಿಗಳಿವೆ. ಮೊದಲನೆಯದು ದೃಢೀಕೃತ ನಕಲಿನ ಸಾಮಾನ್ಯ ಅರ್ಜಿ. ಪರಿಶೀಲನೆಯ ಹಕ್ಕಿರುವ ಸಾರ್ವಜನಿಕ ದಸ್ತಾವೇಜಿನ ನಕಲನ್ನು, ಶುಲ್ಕ ಪಡೆದು, ಇದು ನಿಜ ಪ್ರತಿ ಎಂಬ ಸಹಿಯೊಂದಿಗೆ ಕೊಡುವುದು ಅದನ್ನು ವಶದಲ್ಲಿಟ್ಟುಕೊಂಡ ಅಧಿಕಾರಿಯ ಕರ್ತವ್ಯ ಎಂದು 1872ರ ಸಾಕ್ಷ್ಯ ಕಾಯ್ದೆ ಹೇಳಿತ್ತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 75ನೇ ಕಲಂ ಕೂಡ ಅದನ್ನೇ ಹೇಳುತ್ತದೆ. ಪಹಣಿ, ಎಂಆರ್, ಇಸಿ, ಟಿಪ್ಪಣಿಯ ನಕಲುಗಳಿಗೆ ಈ ದಾರಿಯೇ ನೇರವಾದದ್ದು. ಇವುಗಳಲ್ಲಿ ಅನೇಕ ಸೇವೆಗಳು 2011ರ ಸಕಾಲ ಕಾಯ್ದೆಯ ಕಾಲಮಿತಿಗೆ ಒಳಪಟ್ಟಿದ್ದು, ವಿಳಂಬವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಕೇಳಬಹುದು.

ಎರಡನೆಯದು 2005ರ ಅಕ್ಟೋಬರ್ 12ರಿಂದ ಪೂರ್ಣವಾಗಿ ಜಾರಿಯಲ್ಲಿರುವ ಮಾಹಿತಿ ಹಕ್ಕು ಕಾಯ್ದೆ. ಕಡತದೊಳಗಿನ ಟಿಪ್ಪಣಿ ಹಾಳೆಗಳು, ಸ್ಥಳ ಪರಿಶೀಲನಾ ವರದಿಗಳು, ಅರ್ಜಿಯೊಂದು ಯಾವ ಮೇಜಿನಲ್ಲಿ ಎಷ್ಟು ಕಾಲ ನಿಂತಿತು ಎಂಬ ವಿವರ, ಕಾಮಗಾರಿಯ ಅಳತೆ ಪುಸ್ತಕ ಮುಂತಾದ, ಸಾಮಾನ್ಯ ನಕಲಿನ ಅರ್ಜಿಗೆ ಸಿಗದ ದಾಖಲೆಗಳಿಗೆ ಇದು ದಾರಿ ಮಾಡುತ್ತದೆ. ಅರ್ಜಿ ಕನ್ನಡದಲ್ಲೇ ಇರಬಹುದು, ಏಕೆ ಬೇಕೆಂಬ ಕಾರಣ ಹೇಳಬೇಕಾಗಿಲ್ಲ, ಕರ್ನಾಟಕದಲ್ಲಿ ಅರ್ಜಿ ಶುಲ್ಕ 10 ರೂಪಾಯಿ. ರಾಜ್ಯದ ನಿಯಮದಂತೆ ಒಂದು ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗೆ ಇರಬೇಕಾದ್ದರಿಂದ ಜಮೀನಿನ ಕಥೆಯನ್ನೆಲ್ಲ ಅದರಲ್ಲಿ ಹೇಳಲು ಜಾಗವಿಲ್ಲ, ಹೇಳುವ ಅಗತ್ಯವೂ ಇಲ್ಲ. ಬೇರೆ ಪ್ರಾಧಿಕಾರಕ್ಕೆ ಸೇರಿದ ಅರ್ಜಿಯನ್ನು ಮಾಹಿತಿ ಅಧಿಕಾರಿಯೇ 5 ದಿನಗಳೊಳಗೆ ಅಲ್ಲಿಗೆ ವರ್ಗಾಯಿಸಬೇಕು, 30 ದಿನಗಳೊಳಗೆ ಉತ್ತರ ಕೊಡಬೇಕು, ಗಡುವು ಮೀರಿದರೆ ಮಾಹಿತಿಯನ್ನು ಉಚಿತವಾಗಿ ಒದಗಿಸಬೇಕು.

ಈ ಕಾಯ್ದೆಯಡಿ ಸಿಗುವುದು ಇರುವ ದಾಖಲೆಯೇ ಹೊರತು ಅಧಿಕಾರಿಯ ಅಭಿಪ್ರಾಯವಾಗಲಿ ಹೊಸದಾಗಿ ತಯಾರಿಸಿದ ವರದಿಯಾಗಲಿ ಅಲ್ಲ ಎಂದು 2011ರಲ್ಲಿ ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಆದ್ದರಿಂದ ತಮ್ಮ ಜಮೀನು ಏಕೆ ಬೇರೆಯವರ ಹೆಸರಿಗೆ ಹೋಯಿತು ಎಂಬ ಪ್ರಶ್ನೆಗೆ ಉತ್ತರ ಸಿಗದಿರಬಹುದು. ಆದರೆ ಇಂತಹ ಗ್ರಾಮದ ಇಂತಹ ಸರ್ವೆ ನಂಬರಿಗೆ ಸಂಬಂಧಿಸಿ 1998ರಿಂದ 2003ರ ತನಕ ಪ್ರಮಾಣೀಕರಿಸಿದ ಎಲ್ಲ ಎಂಆರ್ ನಮೂದುಗಳು, ಅವುಗಳಿಗೆ ಹೊರಡಿಸಿದ ನೋಟಿಸುಗಳು ಮತ್ತು ಅವು ಜಾರಿಯಾದ ಬಗೆಗಿನ ವರದಿಗಳ ದೃಢೀಕೃತ ನಕಲು ಬೇಕೆಂದು ಕೇಳಿದರೆ, ಆ ಪ್ರಶ್ನೆಯ ಉತ್ತರವೇ ಕಾಗದದ ರೂಪದಲ್ಲಿ ಕೈಗೆ ಬರುತ್ತದೆ. ಸಂಖ್ಯೆ ಗೊತ್ತಿಲ್ಲದಿದ್ದರೆ ಕಡತಗಳನ್ನು ಕಚೇರಿಯಲ್ಲೇ ಕುಳಿತು ಪರಿಶೀಲಿಸುವ ಹಕ್ಕನ್ನು ಮೊದಲು ಕೇಳಿ, ನೋಡಿದ ಮೇಲೆ ಬೇಕಾದ ಪುಟಗಳ ನಕಲಿಗೆ ಬೇಡಿಕೆ ಇಡುವುದು ಜಾಣತನದ ಕ್ರಮ. ಕಾಯ್ದೆಯ 2ನೇ ಕಲಂ ಕೊಡುವ ಹಕ್ಕುಗಳಲ್ಲಿ ಪರಿಶೀಲನೆಯೂ ಟಿಪ್ಪಣಿ ಬರೆದುಕೊಳ್ಳುವುದೂ ಸೇರಿವೆ.

ನಿರಾಕರಣೆ ಮತ್ತು ಕಡತ ಲಭ್ಯವಿಲ್ಲವೆಂಬ ಹಿಂಬರಹ

ನಿರಾಕರಣೆಗೆ ಆಧಾರ ಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮಾಹಿತಿ ಹಕ್ಕಿನ 8(1)(ಜೆ) ಕಲಮನ್ನು ತಿದ್ದಿ ವೈಯಕ್ತಿಕ ಮಾಹಿತಿಯ ವಿನಾಯಿತಿಯನ್ನು ಹಿಗ್ಗಿಸಿರುವುದು ಕಳವಳದ ವಿಷಯವೇ ಆದರೂ, ಸಾರ್ವಜನಿಕ ಹಿತ ದೊಡ್ಡದಿದ್ದಾಗ ಮಾಹಿತಿ ಕೊಡಲು ಅವಕಾಶ ನೀಡುವ 8(2)ನೇ ಕಲಂ ಹಾಗೆಯೇ ಉಳಿದಿದೆ. ಗುಟ್ಟಾಗಿಡಬೇಕಾದ ಭಾಗವನ್ನು ಮರೆಮಾಡಿ ಉಳಿದದ್ದನ್ನು ಕೊಡುವಂತೆ 10ನೇ ಕಲಂ ವಿಧಿಸುತ್ತದೆ.

ಹಳ್ಳಿಗಾಡಿನಲ್ಲಿ ಹೆಚ್ಚು ಕಾಡುವುದು ಕಡತ ಲಭ್ಯವಿಲ್ಲ ಎಂಬ ಒಂದು ಸಾಲಿನ ಹಿಂಬರಹ. ಕಾಣೆಯಾದ ಕಡತ ಎಂಬುದು ಕಾಯ್ದೆಯ ವಿನಾಯಿತಿಗಳ ಪಟ್ಟಿಯಲ್ಲಿಲ್ಲ. ಒಮ್ಮೆ ಇದ್ದ ದಾಖಲೆ ಸಿಗುತ್ತಿಲ್ಲವೆಂದರೆ ಸರಿಯಾದ ಹುಡುಕಾಟ ನಡೆಸಿ, ಅದಕ್ಕೂ ಸಿಗದಿದ್ದರೆ ಹೊಣೆ ಯಾರದೆಂದು ನಿಗದಿಪಡಿಸಬೇಕೆಂದು ದೆಹಲಿ ಹೈಕೋರ್ಟು 2013ರಲ್ಲಿ ವಿಶ್ವಾಸ್ ಭಾಂಬುರ್ಕರ್ ಪ್ರಕರಣದಲ್ಲಿ ಹೇಳಿದೆ. ಅಂತಹ ಹಿಂಬರಹ ಬಂದಾಗ ಅಭಿಲೇಖಾಲಯದ ಆಗಮ ಮತ್ತು ನಿರ್ಗಮ ವಹಿ, ಕಡತ ನಾಶಪಡಿಸಿದ್ದರೆ ಅದರ ಆದೇಶ ಮತ್ತು ಪಟ್ಟಿ, ಕಡತವನ್ನು ಕೊನೆಯದಾಗಿ ಪಡೆದ ಶಾಖೆಯ ವಿವರ ಇವುಗಳನ್ನು ಮತ್ತೊಂದು ಅರ್ಜಿಯಲ್ಲಿ ಕೇಳಬಹುದು. ಉತ್ತರ ಸಮಾಧಾನಕರವಲ್ಲದಿದ್ದರೆ 30 ದಿನಗಳೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಅನಂತರ 90 ದಿನಗಳೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ ಸಲ್ಲಿಸಬಹುದು. ತಪ್ಪಿತಸ್ಥ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡ ವಿಧಿಸುವ ಅಧಿಕಾರ ಆಯೋಗಕ್ಕಿದೆ. ಕಂದಾಯ ನಮೂದೇ ತಪ್ಪಾಗಿದ್ದರೆ ಅದರ ಪರಿಹಾರ ಮಾಹಿತಿ ಹಕ್ಕಿನಲ್ಲಿಲ್ಲ. ಅದಕ್ಕೆ ಭೂಕಂದಾಯ ಕಾಯ್ದೆಯ 136ನೇ ಕಲಮಿನಡಿ ಉಪವಿಭಾಗಾಧಿಕಾರಿಯ ಮುಂದೆ 60 ದಿನಗಳೊಳಗೆ ಮೇಲ್ಮನವಿ ಹೂಡಬೇಕು, ಮತ್ತು ಆ ಮೇಲ್ಮನವಿಗೂ ಈ ನಕಲುಗಳೇ ಆಧಾರ.

ಸೂಚಿಯೇ ಹಕ್ಕಿನ ಬುನಾದಿ

ಅರ್ಜಿದಾರರು ಇಷ್ಟೆಲ್ಲ ಕಲಿಯಬೇಕಾಗಿ ಬಂದಿರುವುದಕ್ಕೆ ಮೂಲ ಕಾರಣವನ್ನು ಮಾಹಿತಿ ಹಕ್ಕು ಕಾಯ್ದೆಯೇ ಗುರುತಿಸಿತ್ತು. ಪ್ರತಿಯೊಂದು ಸಾರ್ವಜನಿಕ ಪ್ರಾಧಿಕಾರವೂ ತನ್ನ ಎಲ್ಲ ದಾಖಲೆಗಳನ್ನು ಸೂಚೀಕರಿಸಿ ಪಟ್ಟಿ ಮಾಡಿ ಇಟ್ಟುಕೊಳ್ಳಬೇಕು ಎಂಬುದು ಮಾಹಿತಿ ಹಕ್ಕಿನ 4(1)(ಎ) ಕಲಂ ವಿಧಿಸಿದ ಮೊದಲ ಕರ್ತವ್ಯ. ಅರ್ಜಿ ಸಲ್ಲಿಸುವ ವಿಧಾನವನ್ನು ಹೇಳುವ 6ನೇ ಕಲಂ ಬರುವುದು ಅದರ ನಂತರ. ರಾಜ್ಯವು ತಾಲ್ಲೂಕು ಕಚೇರಿಗಳ ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡಲು ಭೂ ಸುರಕ್ಷಾ ಯೋಜನೆಯನ್ನು ಕೈಗೊಂಡಿರುವುದು ಈ ದೃಷ್ಟಿಯಿಂದ ಮಹತ್ವದ ಹೆಜ್ಜೆ. ಆದರೆ ಪುಟಗಳ ಚಿತ್ರಗಳಷ್ಟೇ ಗಣಕದಲ್ಲಿದ್ದು, ಗ್ರಾಮ, ಸರ್ವೆ ನಂಬರು, ವರ್ಷ, ಕಡತದ ಬಗೆ ಮತ್ತು ಆದೇಶ ಸಂಖ್ಯೆಯ ಪ್ರಕಾರ ಹುಡುಕಬಲ್ಲ ಸೂಚಿ ಇಲ್ಲದಿದ್ದರೆ, ಕಪಾಟಿನ ಕತ್ತಲೆ ಪರದೆಯ ಮೇಲೂ ಮುಂದುವರಿಯುತ್ತದೆ. ಮೋಡಿ ಮತ್ತು ಉರ್ದು ಬರಹಗಳನ್ನು ಓದಬಲ್ಲವರನ್ನು ಈ ಕೆಲಸಕ್ಕೆ ತೊಡಗಿಸದಿದ್ದರೆ ಉತ್ತರದ ಜಿಲ್ಲೆಗಳ ಒಂದು ಕಾಲದ ದಾಖಲೆಯೇ ಮೂಕವಾಗುತ್ತದೆ.

ಯಾವ ಗ್ರಾಮದ ಯಾವ ವಹಿಗಳು ಯಾವ ವರ್ಷದಿಂದ ಯಾವ ವರ್ಷದ ತನಕ ಲಭ್ಯವಿವೆ, ಯಾವುವು ಮೂಲ ತಾಲ್ಲೂಕಿನಲ್ಲೇ ಉಳಿದಿವೆ, ಯಾವುವು ನಾಶವಾಗಿವೆ ಎಂಬ ಕನ್ನಡದ ಪಟ್ಟಿಯೊಂದು ಪ್ರತಿ ತಾಲ್ಲೂಕು ಕಚೇರಿ, ನಾಡಕಚೇರಿ ಮತ್ತು ಗ್ರಾಮ ಪಂಚಾಯಿತಿಯಲ್ಲಿ ಎಲ್ಲರ ಕಣ್ಣಿಗೆ ಬೀಳುವಂತಿರಬೇಕು. ಇದಕ್ಕೆ ಹೊಸ ಕಾನೂನು ಬೇಕಾಗಿಲ್ಲ, ಇರುವ ಕಾನೂನಿನ ಮೊದಲ ಮಾತನ್ನು ಪಾಲಿಸಿದರೆ ಸಾಕು. ಆ ಪಟ್ಟಿಯಿದ್ದರೆ ದಾಖಲೆಯ ಹೆಸರು ಹೇಳಿಕೊಡಲು ಮಧ್ಯವರ್ತಿಗೆ ಹಣ ತೆರಬೇಕಾಗುವುದಿಲ್ಲ, ಸಿಬ್ಬಂದಿಯ ಮೇಲೆ ಅಸ್ಪಷ್ಟ ಅರ್ಜಿಗಳ ಹೊರೆ ಬೀಳುವುದಿಲ್ಲ, ಕಡತವೊಂದು ಮಾಯವಾದರೆ ಅದು ಮಾಯವಾದದ್ದು ಅಂದೇ ತಿಳಿಯುತ್ತದೆ. ಎರಡು ಎಕರೆಯ ಮಂಜೂರಾತಿದಾರರ ಹಕ್ಕು ಕಚೇರಿಯಲ್ಲಿ ಯಾರ ನೆನಪಿನ ಮೇಲೂ, ಯಾರ ದಯೆಯ ಮೇಲೂ ನಿಲ್ಲಬಾರದು; ಅದು ಎಲ್ಲರೂ ಓದಬಲ್ಲ ಸೂಚಿಯ ಒಂದು ಸಾಲಿನ ಮೇಲೆ ನಿಲ್ಲಬೇಕು.